ಡಿಎನ್‌ಎ ‘ನಕಲು’ ಮಾಡೋ ಕಿಣ್ವ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಅಂತ ಡಿಎನ್‌ಎ ಪಾಲಿಮರೇಸ್ ಬಗ್ಗೆ ಕನ್ನಡದಲ್ಲಿ ನೋಟ್ಸ್ ಬರೀತಿದೀನಿ, ‘ಡಿಎನ್‌ಎಯನ್ನು ನಕಲು ಮಾಡುವ ಕಿಣ್ವ’ ಅಂತ ಬರೆದು ಮುಂದೆ ಹೋಗಬಹುದಿತ್ತು, ಆದ್ರೆ ಈ ನಕಲು ಯಾಕೋ ಒಗ್ತಿಲ್ಲ. ಪರೀಕ್ಷೇಲಿ ಕಾಪಿ ಹೊಡೆಯೋದು ನೆನಪಾಗುತ್ತೆ ಅನ್ನೋದು ಸಣ್ಣ ವಿಷಯ ಬಿಡಿ, ತಾಲ್ಲೂಕು ಕಚೇರೀಲಿ ನಕಲು ತಗೊಳೋದು ಮರ್ಯಾದಸ್ಥ ಕೆಲಸಾನೇ. ನನ್ನ ತಕರಾರು ಬೇರೆ.

ನಕಲು ಅಂದ್ಮೇಲೆ ಪಕ್ಕದಲ್ಲಿ ಒಂದು ಅಸಲು ಇರಬೇಕು. ಇಲ್ಲಿ ಅಸಲು ಯಾವುದು? ಎರಡು ಎಳೆ ಬಿಚ್ಕೊಂಡು ಒಂದೊಂದು ಹಳೇ ಎಳೆಗೂ ಒಂದೊಂದು ಹೊಸ ಎಳೆ ಜೊತೆಯಾಗುತ್ತೆ, ಕೊನೆಗೆ ಸಿಗೋ ಎರಡು ಡಿಎನ್‌ಎನೂ ಅರ್ಧ ಹಳೇದು ಅರ್ಧ ಹೊಸದು. ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಬ್ಯಾಕ್ಟೀರಿಯಾಗೆ ತೂಕ ಜಾಸ್ತಿ ಇರೋ ನೈಟ್ರೋಜನ್ ಉಣಿಸಿ ಇದನ್ನೇ ತೋರಿಸಿದ್ದು. ಅದೂ ಅಲ್ದೆ ಪಾಲಿಮರೇಸ್ ಎದುರಿಗಿರೋ ಅಕ್ಷರಾನ (ಅಂದ್ರೆ ಎಳೆಯಲ್ಲಿರೋ ಎ, ಟಿ, ಜಿ, ಸಿ ಅನ್ನೋ ಘಟಕಗಳನ್ನ) ಹಾಗೇ ಇಳಿಸೋದಿಲ್ಲ, ಎ ಇದ್ರೆ ಟಿ ಹಾಕುತ್ತೆ, ಜಿ ಇದ್ರೆ ಸಿ.

ಇನ್ನೊಂದು ತಮಾಷೆ ಏನಂದ್ರೆ, ಆರ್ಥರ್ ಕಾರ್ನ್‌ಬರ್ಗ್ 1956ರಲ್ಲಿ ಈ.ಕೊಲೈ ಅನ್ನೋ ಬ್ಯಾಕ್ಟೀರಿಯಾದಲ್ಲಿ ಮೊದಲು ಪತ್ತೆ ಮಾಡಿದ ಪಾಲಿಮರೇಸ್ ಇದ್ಯಲ್ಲ, 1959ರಲ್ಲಿ ನೊಬೆಲ್ ತಂದುಕೊಟ್ಟಿದ್ದು, ಅದು ಮುಖ್ಯವಾಗಿ ರಿಪೇರಿ ಮಾಡೋ, ಸಂದು ತುಂಬೋ ಕಿಣ್ವ! 1969ರಲ್ಲಿ ಅದು ಹೆಚ್ಚುಕಮ್ಮಿ ಕೆಲಸಾನೇ ಮಾಡದ ಬ್ಯಾಕ್ಟೀರಿಯಾ ಸಿಕ್ತು, ಆರಾಮಾಗಿ ಬೆಳೀತಿತ್ತು. ನಿಜವಾದ ಭಾರ ಹೊರೋದು ಆಮೇಲೆ ಸಿಕ್ಕ ‘ಪಾಲಿಮರೇಸ್ III’ ಅನ್ನೋ ಇನ್ನೊಂದು ಕಿಣ್ವ. ಹಾಗಾಗಿ ಇಡೀ ಮನೆತನಕ್ಕೇ ‘ನಕಲು ಕಿಣ್ವ’ ಅಂತ ಹೆಸರಿಟ್ರೆ ಹೆಂಗೆ? ಪಾಲಿಮರೇಸ್ ಅಂತಲೇ ಉಳಿಸಿ, ಕೆಲಸ ಹೇಳುವಾಗ ‘ಜೋಡಿ ಎಳೆ ಕಟ್ಟುತ್ತೆ’ ಅಂದ್ರೆ ಸಾಕಲ್ವಾ ಅಂತ ನನ್ನ ಅನಿಸಿಕೆ. ‘ಇಮ್ಮಡಿಸು’ ಕೂಡ ಪರವಾಗಿಲ್ಲ, ಆದ್ರೆ ಅದು ಇಡೀ ಕ್ರಿಯೆಗೆ ಸರಿ, ಒಂದು ಕಿಣ್ವಕ್ಕಲ್ಲ.

ಜೊತೆಗೆ ಇನ್ನೊಂದು ಪ್ರಶ್ನೆ. ಎರಡು ಹೊಸ ಎಳೆಗಳಲ್ಲಿ ಒಂದಾದ ಲ್ಯಾಗಿಂಗ್ ಸ್ಟ್ರ್ಯಾಂಡ್‌ಗೆ ‘ಹಿಂದುಳಿದ ಎಳೆ’ ಅಂದ್ರೆ ಮಕ್ಕಳು ಅದೇನೋ ನಿಧಾನದ್ದು ಅಂದ್ಕೊತಾರೆ. ಎರಡು ಹಳೇ ಎಳೆ ಎದುರುಬದುರು ದಿಕ್ಕಿಗಿದ್ದು, ಪಾಲಿಮರೇಸ್ ಒಂದೇ ದಿಕ್ಕಿಗೆ ಕಟ್ಟೋದ್ರಿಂದ ಆ ಎಳೇನ ತುಂಡು ತುಂಡಾಗಿ ಮಾಡಬೇಕಾಗುತ್ತೆ, ಬ್ಯಾಕ್ಟೀರಿಯಾದಲ್ಲಿ ಒಂದೊಂದು ತುಂಡು ಸಾವಿರದಿಂದ ಎರಡು ಸಾವಿರ ಅಕ್ಷರ, ನಮ್ಮಲ್ಲಿ ನೂರಿನ್ನೂರು ಅಷ್ಟೆ, ಆಮೇಲೆ ಲೈಗೇಸ್ ಅನ್ನೋ ಇನ್ನೊಂದು ಕಿಣ್ವ ಬಂದು ಬೆಸೆಯುತ್ತೆ. ‘ತುಂಡೆಳೆ’ ಅಂದ್ರೆ ಕಿವಿಗೆ ಹೆಂಗಿದೆ? ಒಪ್ಪೋದಾದ್ರೆ ಒಂದೇ ಸಮನೆ ಬೆಳೆಯೋ ಇನ್ನೊಂದು ಎಳೆಗೆ ಏನನ್ನೋಣ, ಬಲ್ಲವರು ಹೇಳಿ.