ಲ್ಯಾವೆಂಡರ್: ಮಣ್ಣು ಒದ್ದೆ ಇದ್ದರೂ ಗಿಡ ಬಾಡುತ್ತಿದೆ, ಯಾಕೆ?

ತಾರಸಿ_ತೋಟ: ಬೆಂಗಳೂರು, 8 ಇಂಚಿನ ಪ್ಲಾಸ್ಟಿಕ್ ಕುಂಡ. ಎಲೆಯ ಅಂಚು ಗರಗಸದ ಹಲ್ಲಿನ ಹಾಗಿರುವ ಜಾತಿ. ಬುಡದ ಎಲೆ ಕಂದಾಗಿದೆ, ಕೆಲವು ತುದಿ ಜೋತುಬಿದ್ದಿವೆ. ಮಣ್ಣಂತೂ ಒದ್ದೆಯಾಗೇ ಇದೆ. ನೀರು ಹೆಚ್ಚಿಸಬೇಕೇ, ಗೊಬ್ಬರ ಕೊಡಬೇಕೇ?

ಮಣ್ಣು_ಮರಳು: ದಯವಿಟ್ಟು ಎರಡೂ ಬೇಡ. ಒದ್ದೆ ಮಣ್ಣಲ್ಲಿ ಗಿಡ ಬಾಡಿದರೆ ಹೆಚ್ಚಾಗಿ ಅದು ಬೇರುಕೊಳೆ. ನರ್ಸರಿ ಗಿಡಗಳು ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲೇ ಬೆಳೆದಿರುತ್ತವೆ. ಮೇಲೆ ಒಣಗಿದಂತೆ ಕಂಡರೂ ಬೇರಿನ ಉಂಡೆಯೊಳಗೆ ಪಸೆ ಆರಿರುವುದಿಲ್ಲ. ಬೇರಿಗೆ ಗಾಳಿ ಸಿಗದೆ ಫೈಟಾಫ್ತೊರಾದಂಥ ರೋಗಾಣು ಸೇರಿಕೊಳ್ಳುತ್ತದೆ.

ಇವತ್ತೇ ಕುಂಡದಿಂದ ತೆಗೆದು ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಕಂದಾಗಿ, ಎಳೆದಾಗ ಸಿಪ್ಪೆ ಜಾರಿ ಒಳಗಿನ ನಾರಷ್ಟೇ ಉಳಿಯುವ ಬೇರುಗಳನ್ನೆಲ್ಲ ಕತ್ತರಿಸಿ. ಹಳೇ ಕೋಕೋಪೀಟ್ ಉದುರಿಸಿ, ಹೊಸ ಮಿಶ್ರಣ ಹಾಕಿ: ಕೆಂಪು ಮಣ್ಣು 2 ಪಾಲು, ದಪ್ಪ ಮರಳು 2, ಇಟ್ಟಿಗೆ ಚೂರು 1, ಎರೆಗೊಬ್ಬರ ಅರ್ಧ ಪಾಲು. ಇದಕ್ಕಿಂತ ಹೆಚ್ಚು ಗೊಬ್ಬರ ಕೊಟ್ಟರೆ ಸೊಪ್ಪು ಸೊಂಪಾಗುತ್ತದೆ, ಹೂವಿಲ್ಲ. ಲ್ಯಾವೆಂಡರ್‌ಗೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6.5ರಿಂದ 7.5 ಹಿತ, ಹುಳಿ ಮಣ್ಣಾದರೆ ಕುಂಡಕ್ಕೊಂದು ಟೀ ಚಮಚ ಕೃಷಿ ಸುಣ್ಣ ಬೆರೆಸಿ. ಮಣ್ಣಿನ ಕುಂಡವೇ ಒಳ್ಳೆಯದು, ಪಸೆ ಬೇಗ ಆರುತ್ತದೆ. ಒಂದು ವಾರ ನೆರಳು, ಆಮೇಲೆ ದಿನಕ್ಕೆ 6 ಗಂಟೆ ಬಿಸಿಲು. ಎರಡು ಇಂಚು ಆಳ ಬೆರಳಿಟ್ಟಾಗ ಒಣಗಿದ್ದರೆ ಮಾತ್ರ ನೀರು.

ಹೂದೋಟ_ಮೈಸೂರು: ಹಲ್ಲಂಚಿನ ಎಲೆ ಅಂದರೆ ಡೆಂಟಾಟಾ, ಫ್ರೆಂಚ್ ಲ್ಯಾವೆಂಡರ್. ನಮ್ಮ ಕಡೆಗೆ ಇದೇ ಸರಿ. ಎಣ್ಣೆಗೆ ಹೆಸರಾದ ಇನ್ನೊಂದು ಜಾತಿ ಅಂಗುಸ್ಟಿಫೋಲಿಯಾಗೆ ಚಳಿಗಾಲದ ಗಟ್ಟಿ ಚಳಿ ಬೇಕು. ಜಮ್ಮುವಿನ ಭದರ್ವಾದಲ್ಲಿ ರೈತರು ಲ್ಯಾವೆಂಡರ್ ಬೆಳೆಯುವುದಕ್ಕೆ ಅಲ್ಲಿನ ಚಳಿಯ ಅನುಕೂಲವಿದೆ. ಇಲ್ಲಿ ಅಂಗುಸ್ಟಿಫೋಲಿಯಾ ಹೂ ಬಿಡುವುದು ಅಪರೂಪ.

ಗಿಡ ಹೋದರೂ ತಳಿ ಉಳಿಯಲಿ: ಜೋತುಬೀಳದ, ಹೂವಿಲ್ಲದ ತುದಿಗಳನ್ನು 8–10 ಸೆಂ.ಮೀ. ಕತ್ತರಿಸಿ, ಕೆಳಗಿನ ಅರ್ಧದ ಎಲೆ ಬಿಡಿಸಿ ಒದ್ದೆ ಮರಳಲ್ಲಿ ನೆಡಿ. 4–6 ವಾರದಲ್ಲಿ ಬೇರು ಬರುತ್ತದೆ.

ತಾರಸಿ_ತೋಟ: ಧನ್ಯವಾದ. ಮಳೆಗಾಲದಲ್ಲಿ ಏನು ಮಾಡಲಿ? ಯಾವಾಗ ಸವರಲಿ?

ಮಣ್ಣು_ಮರಳು: ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಸಿಲು ಬೀಳುವ ಸೂರಿನಡಿ ಇಡಿ. ಕುಂಡದ ಕೆಳಗೆ ತಟ್ಟೆ ಬೇಡ, ಎರಡು ಇಟ್ಟಿಗೆ ಸಾಕು. ಗಿಡ ಚೇತರಿಸಿಕೊಂಡ ಮೇಲೆ, ಹೂ ಮುಗಿದಾಗ ಹಸಿರು ಭಾಗದಲ್ಲಿ ಮೂರನೇ ಒಂದರಷ್ಟು ಸವರಿ. ಎಲೆಯಿಲ್ಲದ ಕಂದು ಕಾಂಡಕ್ಕೆ ಕತ್ತರಿ ಹಾಕಿದರೆ ಅಲ್ಲಿಂದ ಸಾಮಾನ್ಯವಾಗಿ ಚಿಗುರುವುದಿಲ್ಲ.