ಟೀಚರ್ ಹೇಳೋದು ಬೇರೆ, ಪಕ್ಕದ ಮಗು ಹೇಳೋದು ಬೇರೆ

ಕಳೆದ ಭಾನುವಾರ ಇಲ್ಲಿ ಅಮೆರಿಕದಲ್ಲಿ ನಮ್ಮ ಮಕ್ಕಳ ಕನ್ನಡ ತರಗತಿ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ನಿಂತು ಆಡಿದ ಮಾತು ಇನ್ನೂ ನನ್ನ ತಲೆಯಲ್ಲಿ ಓಡುತ್ತಿದೆ. ನಮ್ಮಲ್ಲೊಬ್ಬರ ಮಗಳು ಮೂರನೇ ಕ್ಲಾಸು. ಊಟದ ಹೊತ್ತಿನಲ್ಲಿ ಪಕ್ಕದ ಹುಡುಗಿ, "ನೀನು ಯೇಸುವನ್ನು ನಂಬಲ್ವಾ? ಹಾಗಾದ್ರೆ ನರಕಕ್ಕೆ ಹೋಗ್ತೀಯ" ಅಂದಳಂತೆ. ಮಗು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ. "ಪ್ರಿನ್ಸಿಪಾಲರಿಗೆ ದೂರು ಕೊಡಿ, ಆ ಹುಡುಗಿಯನ್ನು ಬೇರೆ ಸೆಕ್ಷನ್‌ಗೆ ಹಾಕಿಸಿ" ಅಂತ ನಾಲ್ಕೈದು ಜನ ಹೇಳಿದಿರಿ. ಆಗ ನಾನು ಮಾತಾಡಲಿಲ್ಲ. ನನ್ನ ಮಗನ ವಿಷಯ ಬಿಟ್ಟು ಇದಕ್ಕೆ ಉತ್ತರ ಹೇಳೋಕೆ ನನಗೆ ಆಗುವುದಿಲ್ಲ. ಅದಕ್ಕೇ ಸಮಯ ಮಾಡಿಕೊಂಡು ಬರೆಯುತ್ತಿದ್ದೇನೆ.

ಮಗ ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬಂದು, "ಅಮ್ಮ, ನನಗೆ ದೇವರಲ್ಲಿ ನಂಬಿಕೆ ಇಲ್ಲ" ಅಂದ. ನಾನು ದಿನಾ ದೀಪ ಹಚ್ಚುವವಳು. ಶನಿವಾರ ಉಪವಾಸ ಮಾಡುವವಳು. ಬಾಯಿಗೆ ಬಂದ ಮೊದಲ ಮಾತು, "ಹಾಗೆಲ್ಲ ಅನ್ನಬಾರದು, ತಪ್ಪಾಯ್ತು ಅಂತ ಕೆನ್ನೆ ತಟ್ಟಿಕೋ." ಅವನು ತಟ್ಟಿಕೊಳ್ಳಲಿಲ್ಲ. ಸುಮ್ಮನೆ ರೂಮಿಗೆ ಹೋದ. ಆಮೇಲೆ ಎಷ್ಟೋ ದಿನ ಆ ವಿಷಯ ನನ್ನ ಹತ್ತಿರ ಎತ್ತಲೇ ಇಲ್ಲ.

ಮತ್ತೆ ಎತ್ತಿದ್ದು ಒಂದು ಪತ್ರಕ್ಕಾಗಿ. ಇಲ್ಲಿ ಟೆಕ್ಸಾಸಿನಲ್ಲಿ ಪ್ರತಿದಿನ ಬೆಳಿಗ್ಗೆ ಮಕ್ಕಳು ಎರಡು ಪ್ರತಿಜ್ಞೆ ಹೇಳುತ್ತಾರೆ ಅಂತ ನಿಮಗೆಲ್ಲ ಗೊತ್ತು. ಒಂದು ದೇಶದ ಬಾವುಟಕ್ಕೆ, ಇನ್ನೊಂದು ರಾಜ್ಯದ ಬಾವುಟಕ್ಕೆ. ದೇಶದ ಪ್ರತಿಜ್ಞೆ ಬರೆದದ್ದು 1892ರಲ್ಲಿ. ಅದರಲ್ಲಿ ದೇವರ ಹೆಸರು ಸೇರಿಸಿದ್ದು 1954ರಲ್ಲಿ. ಟೆಕ್ಸಾಸಿನದಕ್ಕೆ ಸೇರಿಸಿದ್ದು 2007ರಲ್ಲಿ. ನನ್ನ ಮಗ ಎದ್ದು ನಿಲ್ಲುತ್ತಿದ್ದ, ಆದರೆ ಹೇಳುತ್ತಿರಲಿಲ್ಲ. ಟೀಚರ್ ಕೇಳಿದ್ದಕ್ಕೆ, ನಂಬಿಕೆ ಇಲ್ಲದೆ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ ಅಂದನಂತೆ. ಅವರು ಬೈಯಲಿಲ್ಲ. ಮನೆಯವರಿಂದ ಒಂದು ಪತ್ರ ತಗೊಂಡು ಬಾ ಅಂದರು. ಈ ರಾಜ್ಯದ ಕಾನೂನು ಇರುವುದೇ ಹಾಗೆ. ತಂದೆ ಅಥವಾ ತಾಯಿ ಬರೆದು ಕೊಟ್ಟರೆ ಮಗುವಿಗೆ ವಿನಾಯಿತಿ.

ಎರಡು ವಾರ ಆ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಈ ದೇಶದ ಬಾವುಟದ ವಿಷಯಕ್ಕೆ ನಾವ್ಯಾಕೆ ಹೋಗಬೇಕು ಅಂತ ನಮ್ಮ ಯಜಮಾನರು ಅಂದರು. ನನಗೂ ಹಾಗೇ ಅನ್ನಿಸಿತ್ತು. ನಮ್ಮಂಥವರ ಮನೆಗಳಲ್ಲಿ ಈ ಭಯ ಎಷ್ಟು ಆಳಕ್ಕಿದೆ ಅಂತ ಹೊರಗಿನವರಿಗೆ ಅರ್ಥವಾಗುವುದಿಲ್ಲ.

ಆ ಎರಡು ವಾರದಲ್ಲಿ ನಾನು ಓದಿದ್ದು ಸ್ವಲ್ಪ ಜಾಸ್ತಿಯೇ. ವೆಸ್ಟ್ ವರ್ಜಿನಿಯಾದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥದ ಮಕ್ಕಳು ಬಾವುಟಕ್ಕೆ ಸೆಲ್ಯೂಟ್ ಹೊಡೆಯಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದ್ದರು. 1943ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ನಿಂತಿತು. ಅದೂ ಮಹಾಯುದ್ಧ ನಡೆಯುತ್ತಿದ್ದಾಗ, ದೇಶಭಕ್ತಿ ಕುದಿಯುತ್ತಿದ್ದಾಗ. ಅದಕ್ಕೆ ಮೂರೇ ವರ್ಷ ಮುಂಚೆ ಅದೇ ಕೋರ್ಟ್ ಇದಕ್ಕೆ ತದ್ವಿರುದ್ಧ ತೀರ್ಪು ಕೊಟ್ಟಿತ್ತು. ನನ್ನ ಮನಸ್ಸನ್ನು ತಿರುಗಿಸಿದ್ದು ಮಾತ್ರ ನಮ್ಮ ಪಕ್ಕದ ಕೇರಳದ ಕೇಸು. 1985ರಲ್ಲಿ ಅಲ್ಲಿ ಅದೇ ಪಂಥದ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಹಾಡಲಿಲ್ಲ. ಶಾಲೆಯಿಂದ ತೆಗೆದರು. ಮರುವರ್ಷ ನಮ್ಮ ಸುಪ್ರೀಂ ಕೋರ್ಟ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಅಮೆರಿಕದ ಆ 1943ರ ತೀರ್ಪನ್ನೂ ನೆನೆಯಿತು. ಸಹನೆ ನಮ್ಮ ಪರಂಪರೆಯಲ್ಲೇ ಇದೆ, ಅದನ್ನು ತೆಳುವಾಗಿಸಬೇಡಿ ಎಂಬ ಅರ್ಥದ ಮಾತು ಆ ತೀರ್ಪಿನ ಕೊನೆಯಲ್ಲಿದೆ. ಆ ಮಕ್ಕಳು ಸುಮ್ಮನಿದ್ದದ್ದು ಭಕ್ತಿಯಿಂದ. ನನ್ನ ಮಗ ಸುಮ್ಮನಿರುವುದು ನಂಬಿಕೆ ಇಲ್ಲದ್ದಕ್ಕೆ. ಆದರೆ ಮನಸ್ಸಿಗೆ ಒಪ್ಪದ್ದನ್ನು ಬಾಯಲ್ಲಿ ಹೇಳಿಸಬೇಡಿ ಅಂತ ಇಬ್ಬರೂ ಕೇಳುತ್ತಿರುವುದು ಒಂದೇ ಅಲ್ವಾ? ಮಾರನೇ ದಿನ ಸಹಿ ಹಾಕಿದೆ. ಏನೂ ಆಗಲಿಲ್ಲ.

ಆದರೆ ಕಷ್ಟದ ದಿನ ಬಂದದ್ದು ಅದಾದ ಮೇಲೆ. ಮಗನ ಕ್ಲಾಸಿನ ಒಬ್ಬ ಹುಡುಗನ ಅಜ್ಜಿ ತೀರಿಕೊಂಡಿದ್ದರು. ಊಟಕ್ಕೆ ಕೂತಾಗ ಆ ಹುಡುಗ, ಅಜ್ಜಿ ಈಗ ಸ್ವರ್ಗದಲ್ಲಿದ್ದಾರೆ ಅಂದ. ನನ್ನ ಮಗ, "ಸ್ವರ್ಗ ಅಂತ ಏನೂ ಇಲ್ಲ, ನಿಮ್ಮ ಅಜ್ಜಿ ಎಲ್ಲೂ ಇಲ್ಲ" ಅಂದುಬಿಟ್ಟ. ಹುಡುಗ ಎದ್ದು ಹೋಗಿ ಅತ್ತ. ಸಂಜೆ ಅವನ ತಾಯಿ ನನಗೆ ಫೋನ್ ಮಾಡಿದರು. ಕೂಗಾಡಲಿಲ್ಲ, ಅವರ ಗಂಟಲು ಕಟ್ಟಿತ್ತು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಈಗ ಹೇಳಿ. ನನ್ನ ಮಗನ ಬಾಯಿಗೆ ಶಾಲೆ ಬೀಗ ಹಾಕಬೇಕಿತ್ತಾ? ನರಕದ ಮಾತಾಡಿದ ಆ ಪುಟ್ಟ ಹುಡುಗಿಯ ಬಾಯಿಗೆ ಹಾಕಬೇಕು ಅಂತಾದರೆ ಇವನ ಬಾಯಿಗೂ ಹಾಕಬೇಕು.

ಇಲ್ಲಿನ ಕಾನೂನು ಈ ವಿಷಯದಲ್ಲಿ ಒಂದು ಗೆರೆ ಎಳೆದಿದೆ, ಅದು ನನಗೆ ಸರಿ ಅನ್ನಿಸುತ್ತದೆ. ಸರ್ಕಾರಿ ಶಾಲೆ ಅಂದರೆ ಸರ್ಕಾರ. ಸರ್ಕಾರ ಮಕ್ಕಳ ಕೈಯಲ್ಲಿ ಪ್ರಾರ್ಥನೆ ಮಾಡಿಸುವ ಹಾಗಿಲ್ಲ. ನ್ಯೂಯಾರ್ಕಿನಲ್ಲಿ ರಾಜ್ಯದ ಶಿಕ್ಷಣ ಮಂಡಳಿ ತಾನೇ ಬರೆದ ಒಂದು ಪುಟ್ಟ ಪ್ರಾರ್ಥನೆ ಇತ್ತು, ಬರೀ 22 ಪದ. ಬೇಡ ಅಂದ ಮಕ್ಕಳು ಸುಮ್ಮನಿರಬಹುದಿತ್ತು. ಆದರೂ 1962ರಲ್ಲಿ ಕೋರ್ಟ್ ಅದನ್ನು ನಿಲ್ಲಿಸಿತು. ಮರುವರ್ಷ ತರಗತಿಯಲ್ಲಿ ಬೈಬಲ್ ಓದಿಸುವುದೂ ನಿಂತಿತು. ಆ ಕೇಸು ಶುರುವಾಗಿದ್ದು ಪೆನ್ಸಿಲ್ವೇನಿಯಾದ 16 ವರ್ಷದ ಹುಡುಗನಿಂದ. ಬೈಬಲ್ ಓದುವ ಹೊತ್ತಿನಲ್ಲಿ ಅವನು ಪ್ರತಿಭಟನೆಗೆ ಅಂತ ಕುರಾನ್ ತೆರೆದು ಕೂತಿದ್ದ. ಆದರೆ ಮಕ್ಕಳು ಸರ್ಕಾರ ಅಲ್ಲ. ಅವರು ತಾವಾಗಿ ಪ್ರಾರ್ಥನೆ ಮಾಡಬಹುದು, ಊಟಕ್ಕೆ ಮುಂಚೆ ಕಣ್ಣು ಮುಚ್ಚಬಹುದು, ದೇವರಿದ್ದಾನೆ ಅನ್ನಬಹುದು, ಇಲ್ಲ ಅನ್ನಲೂಬಹುದು. ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳ ಕೇಸಿನಲ್ಲಿ, ಶಾಲೆಯ ಗೇಟು ದಾಟಿದ ಮಾತ್ರಕ್ಕೆ ಮಕ್ಕಳ ಮಾತಿನ ಹಕ್ಕು ಹೋಗುವುದಿಲ್ಲ ಅಂತ 1969ರಲ್ಲೇ ತೀರ್ಮಾನವಾಗಿದೆ. ಪಾಠಕ್ಕೆ ಅಡ್ಡಿಯಾಗಬಾರದು, ಇನ್ನೊಬ್ಬರ ಹಕ್ಕಿಗೆ ಧಕ್ಕೆಯಾಗಬಾರದು, ಅಷ್ಟೇ.

ಹಾಗಾಗಿ ಆ ಮಗುವಿನ ಅಪ್ಪ ಅಮ್ಮನಿಗೆ ನನ್ನ ಮಾತು ಇಷ್ಟು. ಒಂದು ಸಲ ಆಡಿದ ಮಾತಾದರೆ ಮೊದಲು ಮಗಳ ಜೊತೆ ಕೂತು ಮಾತಾಡಿ. "ನಮ್ಮ ಮನೇಲಿ ನಾವು ಬೇರೆ ಥರ ನಂಬ್ತೀವಿ" ಅಂತ ಧೈರ್ಯವಾಗಿ ಹೇಳೋಕೆ ಕಲಿಸಿ. ಆ ಹುಡುಗಿಗೂ ಎಂಟು ವರ್ಷ, ಸ್ನೇಹಿತೆಗೆ ಏನೋ ಆಗಿಬಿಡುತ್ತದೆ ಅಂತ ಅವಳೂ ಹೆದರಿರಬಹುದು. ಅದೇ ಮಾತು ದಿನಾ ಬಂದರೆ, ಬೇಡ ಅಂದ ಮೇಲೂ ಕಾಡಿಸಿದರೆ, ಅದು ಕಿರುಕುಳ. ತಾರೀಕು ಹಾಕಿ ಶಾಲೆಗೆ ಬರೆಯಿರಿ. ಇನ್ನು ಟೀಚರ್ ಬಾಯಿಂದ ಅಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ನಾನೂ ನಿಮ್ಮ ಜೊತೆ ಬರುತ್ತೇನೆ. 2025ರಲ್ಲಿ ಟೆಕ್ಸಾಸಿನ ತರಗತಿಗಳಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಗೋಡೆಗೆ ಹಾಕಬೇಕು ಅಂತ ಕಾನೂನು ಬಂದಾಗ ಅದರ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತರು, ಯಹೂದಿಗಳು, ಹಿಂದೂಗಳು, ಯಾವ ಧರ್ಮವೂ ಇಲ್ಲದವರು ಎಲ್ಲರೂ ಇದ್ದರು. ಅಲ್ಲಿ ದನಿ ಎತ್ತಬೇಕು. ಎಂಟು ವರ್ಷದ ಹುಡುಗಿಯ ಮೇಲಲ್ಲ.

ನನ್ನ ಮಗನಿಗೂ ಹೀಗೇ ಹೇಳಿದೆ. ನೀನು ನಂಬದಿರುವುದು ತಪ್ಪಲ್ಲ, ಅದನ್ನು ಹೇಳುವುದೂ ತಪ್ಪಲ್ಲ. ಆದರೆ ಅಜ್ಜಿಯನ್ನು ಕಳೆದುಕೊಂಡವನ ಮುಂದೆ ಆ ಹೊತ್ತಿನಲ್ಲಿ ಬೇಕಿತ್ತಾ? ಮಾರನೇ ದಿನ ಅವನೇ ಹೋಗಿ ಕ್ಷಮೆ ಕೇಳಿದ.

ಇನ್ನೊಂದು ಮಾತು, ಇದು ನನಗೇ ಹೇಳಿಕೊಳ್ಳುವುದು. ಶಾಲೆಯಲ್ಲಿ ಟೀಚರ್‌ಗೆ ಇರುವ ಬಲ ಮನೆಯಲ್ಲಿ ನಮಗಿದೆ. ಕೆನ್ನೆ ತಟ್ಟಿಕೋ ಅಂದಾಗ ನಾನು ಆ ಬಲವನ್ನೇ ಬಳಸಿದ್ದೆ. ನಮ್ಮಪ್ಪ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು. ಅಲ್ಲಿ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರನ್ನು ನೆನೆಯದೆ ಅವರ ಒಂದು ವಾರವೂ ಕಳೆಯುತ್ತಿರಲಿಲ್ಲ. ಖಾದಿ ಪಂಚೆ, ಗಾಂಧಿ ಟೋಪಿ, ಹಾಸ್ಟೆಲ್ಲಿನ ಒಂದು ಕೋಣೆ. ಇದೇ ಅಮೆರಿಕದ ಒಹಾಯೊದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೇ ಪರೀಕ್ಷೆ ಮಾಡಲು ಸಮಿತಿ ಕಟ್ಟಿದವರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಅಂತ ಹುಡುಗರಿಗೆ ಹೇಳುತ್ತಿದ್ದರು. ಅಪ್ಪ ಅವರನ್ನು ಅಷ್ಟು ಗೌರವಿಸುತ್ತಿದ್ದರು, ಬೆಳಿಗ್ಗೆ ಸಂಧ್ಯಾವಂದನೆಯನ್ನೂ ಮಾಡುತ್ತಿದ್ದರು. ಅವೆರಡೂ ಒಂದೇ ಮನೆಯಲ್ಲಿ ಇದ್ದವು. ಮಗನ ಮುಂದೆ ನಿಂತಾಗ ಅದು ನನಗೆ ನೆನಪಾಗಲೇ ಇಲ್ಲ.

ಈ ಸಲ ಗಣೇಶನ ಹಬ್ಬಕ್ಕೆ ಅವನು ಮಂಗಳಾರತಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಕಡುಬಿಗೆ ಕಾಯಿ ತುರಿದುಕೊಟ್ಟ. ಆಗ ಊರಿಂದ ನಮ್ಮತ್ತೆ ವಿಡಿಯೊ ಕಾಲ್ ಮಾಡಿದರು. "ಪೂಜೆಗೆ ಕೂತಿಲ್ವೇನೋ?" ಅಂದರು. "ಇಲ್ಲ ಅಜ್ಜಿ, ನನಗೆ ನಂಬಿಕೆ ಇಲ್ಲ" ಅಂದ. ನನ್ನ ಎದೆ ಡವಡವ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಯಾಕೆ ಇಲ್ಲ, ಹೇಳು ಕೇಳೋಣ" ಅಂದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು.