ಕೆರೆಯಲ್ಲಿ ಜಾತಿ ಜಾಸ್ತಿ, ಸೂಚ್ಯಂಕ ಮಾತ್ರ ಕಾಡಿನದೇ ಮೇಲು. ಯಾಕೆ?

ಪ್ರಶ್ನೆ: ಜೊಂಡು ಬೆಳೆದ ಒಂದು ಕೆರೆ, ಪಕ್ಕದಲ್ಲೇ ಕಾಡು. ಪ್ರಾಜೆಕ್ಟ್‌ಗಾಗಿ ಎರಡೂ ಕಡೆ ಹಕ್ಕಿ ಎಣಿಸಿದ್ದೇನೆ. ಕೆರೆಯಲ್ಲಿ ಹೆಚ್ಚು ಜಾತಿ ಸಿಕ್ಕಿವೆ. ಆದರೆ ವೈವಿಧ್ಯ ಅಳೆಯುವ ಶಾನನ್ ಸೂಚ್ಯಂಕ ಹಾಕಿದರೆ ಕಾಡು ಮುಂದಿದೆ. ಯಾವುದನ್ನು ನಂಬಲಿ?

ಹಳೇ ದುರ್ಬೀನು: ಮೊದಲು ನಿಮ್ಮ ಪಟ್ಟಿಯಲ್ಲಿ ಬಾತುಗಳ ಸಾಲು ನೋಡಿ. ದೊಡ್ಡ ಹಿಂಡು ಇಳಿದಿತ್ತು, ಅಲ್ವಾ? ಶಾನನ್‌ ಲೆಕ್ಕದಲ್ಲಿ ಜಾತಿ ಎಷ್ಟು ಅನ್ನುವುದರ ಜೊತೆ ಯಾರ ಪಾಲು ಎಷ್ಟು ಅನ್ನುವುದೂ ಸೇರುತ್ತದೆ. ಸುಮ್ನೆ ಹೀಗೆ ಹಾಕಿ ನೋಡಿ: 10 ಜಾತಿ, 1000 ಹಕ್ಕಿ. ಒಂದೇ ಜಾತಿಯ ಬಾತು 910, ಉಳಿದ ಒಂಬತ್ತು ಜಾತಿ ತಲಾ 10. ಸೂಚ್ಯಂಕ 0.50 ಬರುತ್ತದೆ. ಹತ್ತೂ ಜಾತಿ ಸಮನಾಗಿದ್ದರೆ 2.30. ಜಾತಿ ಒಂದೂ ಕಳೆದಿಲ್ಲ, ಹಿಂಡು ಬಂತು ಅಷ್ಟೇ. ವಲಸೆ ಕಾಲದಲ್ಲಿ ಕೆರೆಯ ಅಂಕೆ ಕುಸಿಯುವುದು ಹೀಗೆ. ಅದನ್ನೇ ಹಿಡಿದು ಕೆರೆ ಬಡವಾಯಿತು ಅಂತ ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ.

ಇನ್ನೊಂದು ತೊಡಕು ಎಣಿಕೆಯದು. ಕೆರೆ ದಂಡೆಯಲ್ಲಿ ನಿಂತರೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುವುದು ದೂರದಿಂದಲೇ ಕಾಣುತ್ತದೆ. ಕಾಡಿನಲ್ಲಿ ತರಗೆಲೆ ಸರಸರ ಅಂದಿತು, ಒಂದು ಬಾಲದ ತುದಿ ಅಲುಗಿತು, ಮುಗಿಯಿತು. ಅಲ್ಲಿ ಕಿವಿಯದೇ ಕೆಲಸ. ಎಷ್ಟೋ ಹೊತ್ತು ಏನೂ ಇಲ್ಲ, ಆಮೇಲೆ ನಾಲ್ಕಾರು ಜಾತಿ ಬೆರೆತ ಗುಂಪು ಒಮ್ಮೆಲೇ ಹಾದುಹೋಗುತ್ತದೆ. ಹಾಗಾಗಿ ಕಾಡಿನ ಪಟ್ಟಿ ತುಂಬಲು ಹೆಚ್ಚು ಸಮಯ ಬೇಕು. ಕಾಣದ್ದನ್ನು ಇಲ್ಲ ಅಂತ ಲೆಕ್ಕ ಹಾಕಬೇಡಿ.

ಪ್ರಶ್ನೆ ಕೇಳಿದವರು: ಹೌದು, ಹಿಂಡಿತ್ತು! ಹಾಗಾದರೆ ಶಾನನ್ ಬಿಟ್ಟುಬಿಡಲಾ?

ಹಳೇ ದುರ್ಬೀನು: ಬೇಡ, ಇರಲಿ. ಪಕ್ಕದಲ್ಲಿ ಜಾತಿ ಸಂಖ್ಯೆಯನ್ನೂ ಕೊಡಿ. ಎರಡೂ ಕಡೆ ಎಣಿಸಿದ ಹಕ್ಕಿಗಳ ಸಂಖ್ಯೆ ಬೇರೆ ಬೇರೆ, ಆದ್ದರಿಂದ ರೇರಿಫ್ಯಾಕ್ಷನ್ ಮಾಡಿ ಸಮಾನ ಸಂಖ್ಯೆಗೆ ಇಳಿಸಿ ಹೋಲಿಸಿ. ನನ್ನನ್ನು ಕೇಳಿದರೆ, ಯಾವುದು ಹೆಚ್ಚು ಅನ್ನುವುದಕ್ಕಿಂತ ಎರಡರಲ್ಲೂ ಇರುವ ಹಕ್ಕಿ ಎಷ್ಟು ಅನ್ನುವುದೇ ರುಚಿಯಾದ ಪ್ರಶ್ನೆ. ಕೆರೆಯಲ್ಲಿ 40, ಕಾಡಲ್ಲಿ 50, ಎರಡಕ್ಕೂ ಸೇರಿದ್ದು 9 ಅಂತಿಟ್ಟುಕೊಳ್ಳಿ. ಎರಡು ಪಟ್ಟಿ ಎಷ್ಟು ಹೋಲುತ್ತವೆ ಅನ್ನುವ ಸೊರೆನ್ಸನ್ ಸೂಚ್ಯಂಕ (ಒಂದೂ ಸೇರದಿದ್ದರೆ 0, ಎಲ್ಲವೂ ಒಂದೇ ಆದರೆ 1) 9ರ ಎರಡರಷ್ಟು ಭಾಗಿಸು 40+50, ಅಂದರೆ 18 ಭಾಗಿಸು 90, 0.20. ಒಂದನ್ನು ಉಳಿಸಿಕೊಂಡರೆ ಇನ್ನೊಂದರ ಹೆಚ್ಚಿನ ಹಕ್ಕಿಗಳು ಉಳಿಯುವುದಿಲ್ಲ ಅನ್ನುವುದು ಆ ಒಂದೇ ಅಂಕೆಯಲ್ಲಿದೆ.

ಜೊಂಡಿನ ಮರೆ: ನನ್ನದೊಂದು ಮಾತು. ಕೆರೆಯಲ್ಲಿ ನೀರಿನ ಆಳ ಬರೆದುಕೊಂಡಿದ್ದೀರಾ? ಗದ್ದೆಗೊರವಕ್ಕೆ ಕೆಸರಂಚು ಬೇಕು, ಬಕಕ್ಕೆ ಕಾಲು ಮುಳುಗುವಷ್ಟು ನೀರು, ನೀರುಕಾಗೆಗೆ ಮುಳುಗು ಹಾಕುವಷ್ಟು ಆಳ. ಕಾಡಲ್ಲಿ ಅದೇ ಕೆಲಸ ಎಲೆಗಳ ಪದರಗಳದ್ದು. ಮರಗಳ ಜಾತಿಗಿಂತ ಎಲೆಗಳು ಎಷ್ಟೆಷ್ಟು ಎತ್ತರದಲ್ಲಿ ಹರಡಿವೆ ಅನ್ನುವುದು ಹಕ್ಕಿ ವೈವಿಧ್ಯಕ್ಕೆ ಜಾಸ್ತಿ ಹೊಂದುತ್ತದೆ ಅಂತ ಅಮೆರಿಕದ ಸಂಶೋಧಕರಾದ ಮೆಕಾರ್ಥರ್ ಸೋದರರು 1961ರಲ್ಲೇ ತೋರಿಸಿದ್ದರು.

ಪ್ರಶ್ನೆ ಕೇಳಿದವರು: ಆಳ ಬರೆದಿಲ್ಲ. ಈ ವಾರ ಗುರುತು ಹಾಕಿದ ಕೋಲು ಹಿಡಿದು ಹೋಗುತ್ತೇನೆ.